ಕೊಲಂಬಸ್, ಇಂಡಿಯಾನಾ: ಈ ಲೇಖನವನ್ನು ಹೇಗೆ ಸರಿ ಮಾಡೋಣ?

ಕೊಬ್ಬರಿಹೋಳು:
ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವನು. ಆರು ವರ್ಷದಿಂದ ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ ಇದ್ದೇನೆ. ಓಹಾಯೋದ ದೊಡ್ಡ ಕೊಲಂಬಸ್ ಅಲ್ಲ, ಇದು ಚಿಕ್ಕ ಊರು. ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್. 2020ರ ಜನಗಣತಿಯಲ್ಲಿ 50,474 ಜನ. ಅಂದರೆ ಹೆಚ್ಚುಕಡಿಮೆ ನಮ್ಮ ತಿಪಟೂರಿನಷ್ಟೇ. ಆದರೆ ಈ ಊರಿನ ಕಟ್ಟಡಗಳನ್ನು ನೋಡೋಕೆ ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬರುತ್ತಾರೆ.

ಕನ್ನಡ ವಿಕಿಪೀಡಿಯಕ್ಕೆ ಇದರ ಮೇಲೊಂದು ಒಳ್ಳೆ ಲೇಖನ ಬರಲಿ ಅಂತ ಆಸೆಪಟ್ಟೆ. ಸಮಯ ಉಳಿಯುತ್ತೆ ಅಂತ ಇಂಗ್ಲಿಷ್ ಲೇಖನವನ್ನು ಒಂದು ಅನುವಾದ ಯಂತ್ರಕ್ಕೆ ಹಾಕಿ, ಬಂದದ್ದನ್ನು ಹಾಗೇ ನನ್ನ ಪ್ರಯೋಗಪುಟಕ್ಕೆ (ಪ್ರಕಟಿಸುವ ಮುಂಚೆ ಬರೆದು ನೋಡುವ ಪುಟ) ಸುರಿದೆ. ನನ್ನ ಹೆಂಡತಿ ಓದಿ ಅರ್ಧ ಗಂಟೆ ನಕ್ಕಳು. "ಕೊಲಂಬಸ್ ಬಾರ್ಥಲೋಮ್ಯೂ ಕೌಂಟಿಯ ಆಸನವಾಗಿದೆ" ಅಂತ ಶುರುವಾಗುತ್ತೆ. ಮುಂದೆ "ನಗರದ ಜನಾಂಗೀಯ ಮೇಕಪ್" ಬರುತ್ತೆ. ಅದಾದ ಮೇಲೆ "ಬೆಂಕಿ ನಿಲ್ದಾಣ ಸಂಖ್ಯೆ 4". ಇದನ್ನು ಮನುಷ್ಯರು ಓದುವ ಹಾಗೆ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಮಳೆಹುಳ:
ಬೆಂಕಿ ನಿಲ್ದಾಣ! ಬೆಂಕಿ ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೊರಡುತ್ತಂತೆ?

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು ಇದು. ಯಂತ್ರ ಹೇಳಿತು, ನೀವು ಕಟ್ಟಿದಿರಿ.

ಅರಳಿಮರ:
ಸ್ವಾಗತ ಕೊಬ್ಬರಿಹೋಳು ಅವರೇ. ಮಳೆಹುಳ ಅವರ ಮಾತಿಗೆ ಬೇಜಾರಾಗಬೇಡಿ, ಅವರು ಎಲ್ಲರಿಗೂ ಹಾಗೇ. ನೀವು ನೇರವಾಗಿ ಲೇಖನವಾಗಿ ಪ್ರಕಟಿಸದೆ ಪ್ರಯೋಗಪುಟದಲ್ಲಿ ಇಟ್ಟಿದ್ದೇ ದೊಡ್ಡ ಉಪಕಾರ. 2009-10ರ ಸುಮಾರಿಗೆ ಯಂತ್ರದ ಸಹಾಯದಿಂದ ಬಂದು ಬಿದ್ದ ಉದ್ದುದ್ದ ಲೇಖನಗಳನ್ನು ನಾವು ಇನ್ನೂ ತಿದ್ದುತ್ತಲೇ ಇದ್ದೇವೆ.

ಒಂದು ವಿಷಯ ಗೊತ್ತಿರಲಿ. ಇಂಗ್ಲಿಷ್‌ನಲ್ಲಿ ಅಮೆರಿಕದ ಊರುಗಳ ಲೇಖನಗಳೇ ಮೊದಲು ಯಂತ್ರ ಬರೆದವು. 2002ರಲ್ಲಿ ರಾಂಬಾಟ್ ಅನ್ನೋ ಪ್ರೋಗ್ರಾಂ 2000ದ ಜನಗಣತಿಯ ಅಂಕಿಗಳನ್ನು ತುಂಬಿ ಸುಮಾರು 30,000 ಊರುಗಳಿಗೆ ಲೇಖನ ಹುಟ್ಟಿಸಿತು. ಅದಕ್ಕೇ ಎಲ್ಲ ಊರಿನ ಜನಸಂಖ್ಯೆಯ ವಿಭಾಗವೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಇರುತ್ತೆ. ಇಷ್ಟು ಶೇಕಡ ಬಿಳಿಯರು, ಇಷ್ಟು ಕುಟುಂಬದಲ್ಲಿ ಹದಿನೆಂಟರ ಒಳಗಿನ ಮಕ್ಕಳು, ಇಷ್ಟು ಜನ ಒಂಟಿ. ಯಂತ್ರ ಬರೆದದ್ದನ್ನು ಇನ್ನೊಂದು ಯಂತ್ರ ಅನುವಾದ ಮಾಡಿದೆ, ಅಷ್ಟೆ. ಆ ಮೂರು ಪ್ಯಾರಾ ಕಣ್ಣುಮುಚ್ಚಿ ತೆಗೆಯಿರಿ. 2020ರ ಒಟ್ಟು ಜನಸಂಖ್ಯೆ, ಒಂದೆರಡು ಮುಖ್ಯ ಅಂಕಿ ಸಾಕು.

ಇನ್ನೊಂದು. ಇಂಗ್ಲಿಷ್ ಲೇಖನದಿಂದ ಅನುವಾದ ಮಾಡಿದ್ದರೆ ಸಂಪಾದನೆಯ ಸಾರಾಂಶದಲ್ಲಿ ಹಾಗಂತ ಬರೆದು ಮೂಲ ಪುಟಕ್ಕೆ ಕೊಂಡಿ ಕೊಡಬೇಕು. ಅಲ್ಲಿ ಬರೆದವರಿಗೆ ಹೆಸರು ಸಲ್ಲಬೇಕಲ್ವಾ, ಪರವಾನಗಿಯ ಷರತ್ತೇ ಅದು.

ಕೊಬ್ಬರಿಹೋಳು:
ತೆಗೆದೆ ಸರ್. ಸಾರಾಂಶವನ್ನೂ ಹಾಕಿದೆ. ಈಗ "ಆಸನ" ಏನು ಮಾಡೋದು? ಇಂಗ್ಲಿಷ್‌ನಲ್ಲಿ ಕೌಂಟಿ ಸೀಟ್ ಅಂತ ಇದೆ. ಜಿಲ್ಲಾ ಕೇಂದ್ರ ಅನ್ನಲಾ?

ನಕ್ಷೆಗಾರ್ತಿ:
ಜಿಲ್ಲಾ ಕೇಂದ್ರ ಅಂದರೆ ನಮ್ಮವರ ಕಣ್ಣಿಗೆ ಡಿಸಿ ಆಫೀಸು, ಕೆಎಸ್‌ಆರ್‌ಟಿಸಿ ಡಿಪೋ ಎಲ್ಲ ಬರುತ್ತೆ. ಇಂಡಿಯಾನಾ ಕರ್ನಾಟಕದ ಅರ್ಧದಷ್ಟು ದೊಡ್ಡದು, ಆದರೆ ಅಲ್ಲಿ 92 ಕೌಂಟಿ. ಅಂದರೆ ಒಂದೊಂದು ಕೌಂಟಿ ನಮ್ಮ ತಾಲ್ಲೂಕಿನಷ್ಟು. ಬಾರ್ಥಲೋಮ್ಯೂ ಕೌಂಟಿಯ ಒಟ್ಟು ಜನಸಂಖ್ಯೆಯೇ 82,208. ಹಾಗಾಗಿ "ಕೌಂಟಿಯ ಆಡಳಿತ ಕೇಂದ್ರ" ಅಂತ ಬರೆಯಿರಿ, ಸುಮ್ನೆ ಜಿಲ್ಲೆ ಅನ್ನಬೇಡಿ.

ಹಾಗೇ "ಮಧ್ಯಪಶ್ಚಿಮದ ಸಣ್ಣ ನಗರ" ಅಂತ ಮೊದಲ ಸಾಲಲ್ಲೇ ಇದೆ. ಓದಿದವರು ಭೂಪಟದ ಎಡಗಡೆ ಹುಡುಕುತ್ತಾರೆ. ಇಂಡಿಯಾನಾ ಇರೋದು ಭೂಪಟದ ಮಧ್ಯಕ್ಕಿಂತ ಬಲಗಡೆ! ದೇಶ ಪೂರ್ವ ಕರಾವಳಿಯಿಂದ ಒಳಕ್ಕೆ ಬೆಳೆಯುತ್ತಿದ್ದ ಕಾಲದಲ್ಲಿ ಅದು ಅವರಿಗೆ ಪಶ್ಚಿಮ, ಆ ಹೆಸರು ಹಾಗೇ ಉಳಿದುಬಿಟ್ಟಿದೆ. "ಮಹಾಸರೋವರಗಳ ದಕ್ಷಿಣಕ್ಕಿರುವ ಇಂಡಿಯಾನಾ ರಾಜ್ಯದ" ಅಂದರೆ ಜಾಗ ತಕ್ಷಣ ಗೊತ್ತಾಗುತ್ತೆ. ಮಧ್ಯಪಶ್ಚಿಮ ಅನ್ನೋ ಪದ ಆಮೇಲೆ ಬರಲಿ.

ಮಳೆಹುಳ:
"ಬಿಳಿ ನದಿಯ ಪೂರ್ವ ಫೋರ್ಕ್‌ನ ಮೇಲೆ ಕುಳಿತಿದೆ" ಅಂತ ಇದೆಯಲ್ಲ, ಊರು ಮುಳ್ಳುಚಮಚದ ಮೇಲೆ ಕೂತಿದ್ದು ಇದೇ ಮೊದಲ ಸಲ ನೋಡಿದ್ದು. ನದಿ ಹೆಸರು ವೈಟ್ ರಿವರ್ ಅಲ್ವಾ? ಹೆಸರನ್ನೇಕೆ ಅನುವಾದ ಮಾಡ್ತೀರಿ? ಅವರು ನಮ್ಮ ತುಂಗೆಯನ್ನು ಏನಾದರೂ ಅನುವಾದ ಮಾಡಿದ್ದಾರಾ?

ಕೊಬ್ಬರಿಹೋಳು:
ಸರಿಪಡಿಸಿದೆ: "ಫ್ಲಾಟ್‌ರಾಕ್ ಮತ್ತು ಡ್ರಿಫ್ಟ್‌ವುಡ್ ನದಿಗಳು ಇಲ್ಲಿ ಸೇರಿ ವೈಟ್ ನದಿಯ ಪೂರ್ವ ಕವಲಾಗುತ್ತವೆ." ದಿನಾ ಆಫೀಸಿಗೆ ಹೋಗುವಾಗ ಆ ನೀರನ್ನು ನೋಡ್ತೀನಿ. ಸಂಗಮ ಅಂತ ಬರೆಯಬೇಕು ಅನ್ನಿಸಿತು, ಕೂಡಲಸಂಗಮದ ನೆನಪಾಗಿ ಕೈ ತಡೆಯಿತು.

ಇತಿಹಾಸಕ್ಕೆ ಒಂದು ಪ್ಯಾರಾ ಬರೆದೆ. 1821ರಲ್ಲಿ ಊರು ಶುರುವಾದಾಗ ಜಾನ್ ಟಿಪ್ಟನ್ ಅನ್ನೋರ ಹೆಸರಲ್ಲಿ ಟಿಪ್ಟೋನಾ ಅಂತ ಕರೆದರು. ಅದೇ ವರ್ಷ ಮಾರ್ಚ್‌ನಲ್ಲಿ ಕೊಲಂಬಸ್ ಅಂತ ಬದಲಾಯಿಸಿಬಿಟ್ಟರು. ಟಿಪ್ಟೋನಾ ಅಂತಲೇ ಉಳಿದಿದ್ದರೆ ನಾನು ತಿಪಟೂರಿಂದ ಟಿಪ್ಟೋನಾಕ್ಕೆ ಬಂದವನಾಗುತ್ತಿದ್ದೆ.

ಈಗ ಮುಖ್ಯವಾದದ್ದು, ಕಟ್ಟಡಗಳ ವಿಭಾಗ. ಹೀಗೆ ಬರೆದಿದ್ದೇನೆ, ನೋಡಿ:

"ಕೊಲಂಬಸ್ ತನ್ನ ಆಧುನಿಕ ಕಟ್ಟಡಗಳಿಗೆ ಜಗತ್ಪ್ರಸಿದ್ಧ. ಕಮ್ಮಿನ್ಸ್ ಕಂಪನಿಯ ಫೌಂಡೇಶನ್ ಈ ಕಟ್ಟಡಗಳನ್ನು ಕಟ್ಟಿಸಿಕೊಟ್ಟಿತು. ಎಲಿಯೆಲ್ ಸಾರಿನೆನ್, ಈರೊ ಸಾರಿನೆನ್, ಐ. ಎಂ. ಪೀ, ರಾಬರ್ಟ್ ವೆಂಚುರಿ ಮುಂತಾದ ಶ್ರೇಷ್ಠ ವಾಸ್ತುಶಿಲ್ಪಿಗಳು ಇಲ್ಲಿ ಕೆಲಸ ಮಾಡಿದ್ದಾರೆ."

ನಕ್ಷೆಗಾರ್ತಿ:
ಅಯ್ಯೋ, ನಿಲ್ಲಿಸಿ. ಮೂರು ಸಾಲಲ್ಲಿ ಎರಡು ದೊಡ್ಡ ತಪ್ಪು. ನಾನು ಮೈಸೂರಲ್ಲಿ ಆರ್ಕಿಟೆಕ್ಟ್. ಓದುವ ಕಾಲದಲ್ಲಿ ನಿಮ್ಮೂರಿನ ಸ್ಲೈಡು ನೋಡಿ ನೋಡಿ ಕಣ್ಣು ನೋವು ಬಂದಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಫೌಂಡೇಶನ್ ಕಟ್ಟಡ ಕಟ್ಟಿಸಿಕೊಡಲಿಲ್ಲ. ಎರಡನೇ ಮಹಾಯುದ್ಧದ ನಂತರ ಊರಲ್ಲಿ ಮಕ್ಕಳು ಜಾಸ್ತಿಯಾಗಿ ಶಾಲೆ ಸಾಲದೇ ಹೋಯ್ತು. ಆಗ ಊರಿನ ಎಂಜಿನ್ ಕಂಪನಿ ಕಮ್ಮಿನ್ಸ್‌ನ ಮುಖ್ಯಸ್ಥ ಜೆ. ಇರ್ವಿನ್ ಮಿಲ್ಲರ್ ಒಂದು ಮಾತು ಮುಂದಿಟ್ಟರು. ಆರ್ಕಿಟೆಕ್ಟ್‌ನ ಫೀಸನ್ನು ಫೌಂಡೇಶನ್ ಕೊಡುತ್ತೆ, ಆದರೆ ಆರ್ಕಿಟೆಕ್ಟ್‌ನನ್ನು ನಾವು ಕೊಡುವ ಪಟ್ಟಿಯಿಂದಲೇ ಆರಿಸಬೇಕು. ಆರಿಸೋದು ಶಾಲಾ ಮಂಡಳಿ, ಕಟ್ಟೋ ದುಡ್ಡು ಊರಿನ ತೆರಿಗೆಯದ್ದು. ಹೀಗೆ ಬಂದ ಮೊದಲ ಕಟ್ಟಡ 1957ರ ಶ್ಮಿಟ್ ಪ್ರಾಥಮಿಕ ಶಾಲೆ, ಹ್ಯಾರಿ ವೀಸ್ ಮಾಡಿದ್ದು. ಫೀಸು ಅಂದರೆ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಆದರೆ ನಮ್ಮ ಕಡೆ ಎಲ್ಲರೂ ಮೊದಲು ಕತ್ತರಿ ಹಾಕೋದು ಅಲ್ಲಿಗೇ! ("ಮೇಡಂ, ಪ್ಲಾನ್ ಒಂದು ಹಾಕಿಕೊಡಿ, ಮಿಕ್ಕಿದ್ದು ಮೇಸ್ತ್ರಿ ನೋಡ್ಕೋತಾನೆ" ಅನ್ನೋದನ್ನು ವಾರಕ್ಕೊಮ್ಮೆ ಕೇಳ್ತೀನಿ.) ಆ ಪಾಲನ್ನೇ ಒಬ್ಬರು ಕೊಡ್ತೀನಿ ಅಂದಾಗ ಊರು ಒಳ್ಳೆಯವರನ್ನು ಕರೆಸಿತು. ಇಡೀ ಲೇಖನದ ಜೀವ ಇರೋದು ಇಲ್ಲಿ, ನೀವು ಇದನ್ನೇ ಬಿಟ್ಟಿದ್ದೀರಿ.

ಎರಡನೇ ತಪ್ಪು, ಎಲ್ಲ ಕಟ್ಟಡವನ್ನೂ ಈ ಯೋಜನೆಗೆ ಕಟ್ಟಿದ್ದು. ಎಲಿಯೆಲ್ ಸಾರಿನೆನ್‌ರ ಫಸ್ಟ್ ಕ್ರಿಶ್ಚಿಯನ್ ಚರ್ಚ್ ಮುಗಿದದ್ದು 1942ರಲ್ಲಿ. ಆಗ ಈ ಯೋಜನೆ ಹುಟ್ಟೇ ಇರಲಿಲ್ಲ. ಅವರ ಮಗ ಏರೊ ಮಾಡಿದ ಬ್ಯಾಂಕ್ ಕಟ್ಟಡ, ಮಿಲ್ಲರ್ ಅವರ ಮನೆ, ನಾರ್ತ್ ಕ್ರಿಶ್ಚಿಯನ್ ಚರ್ಚ್ ಎಲ್ಲವೂ ಖಾಸಗಿ. ಅಗ್ನಿಶಾಮಕ ಠಾಣೆ 4 ಮಾತ್ರ ಯೋಜನೆಯದು, ಅದನ್ನು ಮಾಡಿದ್ದು ವೆಂಚುರಿ.

ಅರಳಿಮರ:
ಇದಕ್ಕೆ ಆಧಾರ ಕೊಡೋಕೆ ಆಗುತ್ತಾ ಮೇಡಂ? ಚರ್ಚೆ ಪುಟದಲ್ಲಿ ಹೇಳಿದ್ದು ಉಲ್ಲೇಖ ಆಗಲ್ಲ.

ನಕ್ಷೆಗಾರ್ತಿ:
ಆಗುತ್ತೆ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವೀಸ್‌ನ ದಾಖಲೆಗಳು ಆನ್‌ಲೈನ್ ಇವೆ. ಊರಿನ ಏಳು ತಾಣಗಳಿಗೆ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತು ಅನ್ನೋ ಮಾನ್ಯತೆ ಇದೆ, ಆರಕ್ಕೆ 2000-01ರಲ್ಲಿ ಸಿಕ್ಕಿತು, ಏಳನೆಯದಕ್ಕೆ 2012ರಲ್ಲಿ. ಅರ್ಜಿಯ ಜೊತೆ ಸಲ್ಲಿಸಿದ ಬರಹದಲ್ಲಿ ಎಲ್ಲ ವಿವರ ಇದೆ. ಪುಟ ಸಂಖ್ಯೆ ಸಮೇತ ಹಾಕಿಕೊಡ್ತೀನಿ.

ಹೆಸರು ತಿದ್ದಿಕೊಳ್ಳಿ. ಈರೊ ಅಲ್ಲ, ಏರೊ. ಫಿನ್ನಿಶ್ ಹೆಸರು ಅದು, ಅಲ್ಲಿ ಉಚ್ಚಾರ ಏ ಅಂತಲೇ. ನಮ್ಮಲ್ಲಿ ದೀರ್ಘ ಏ ಕೈಯಲ್ಲೇ ಇರುವಾಗ ಇಂಗ್ಲಿಷ್ ಕಾಗುಣಿತ ನೋಡಿ ಈ ಬರೆಯೋದು ಯಾಕೆ? ಹಾಗೇ ಪೀ ಅಲ್ಲ, ಪೇ. ಪೀ ಅಂತ ಬರೆದರೆ ಮಳೆಹುಳ ಅವರಿಗೆ ಇನ್ನೊಂದು ವಾರ ಕೆಲಸ ಸಿಗುತ್ತೆ.

ಮಳೆಹುಳ:
ನಾನು ಆಗಲೇ ಬರೆದು ಅಳಿಸಿದ್ದೆ ಮೇಡಂ.

ಬೆಳಗಾವಿ ಕುಂದಾ:
ನಮಸ್ಕಾರ್ರೀ. ಕಮ್ಮಿನ್ಸ್ ಅಂತ ನೋಡಿ ಒಳಗ ಬಂದೆ. ಲಗ್ನದ ಮಂಟಪದ ಹಿಂದ ಗುಡುಗುಡು ಅನ್ನೋ ಜನರೇಟರ್ ಮ್ಯಾಲೆ ಇದೇ ಹೆಸರು ಇರ್ತದಲ್ಲ, ಅದೇ ಕಂಪನಿ ಹೌದಲ್ರೀ? ಹಂಗಾದ್ರ ಲೇಖನದಾಗ ನಮ್ಮ ಬೆಳಗಾವಿ ಬರಲೇಬೇಕು! 1962ರಲ್ಲಿ ಪುಣೆಯಲ್ಲಿ ಶುರುವಾದಾಗ ಅದರ ಹೆಸರು ಕಿರ್ಲೋಸ್ಕರ್ ಕಮ್ಮಿನ್ಸ್. ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾವ್ ಹುಟ್ಟಿದ್ದು ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಒಂದು ಪೂರ್ತಿ ವಿಭಾಗ ಮಾಡ್ರಿ: "ಕೊಲಂಬಸ್ ಮತ್ತು ಕರ್ನಾಟಕ."

ಅರಳಿಮರ:
ಕುಂದಾ ಅವರೇ, ಹೇಳಿದ್ದೆಲ್ಲ ನಿಜ. ಆದರೆ ಅದು ಕೊಲಂಬಸ್ ಊರಿನ ವಿಷಯ ಹೇಗಾಗುತ್ತೆ? ಕಂಪನಿಯ ಲೇಖನಕ್ಕೆ, ಕಿರ್ಲೋಸ್ಕರ್ ಲೇಖನಕ್ಕೆ ಚೆನ್ನಾಗಿ ಹೊಂದುತ್ತೆ. ಊರಿನ ಲೇಖನದಲ್ಲಿ ವಿಭಾಗ ಮಾಡಿದರೆ ಮದುವೆ ಮನೆಯಲ್ಲಿ ದೂರದ ನೆಂಟರು ಮುಂದಿನ ಸಾಲಲ್ಲಿ ಕೂತ ಹಾಗಾಗುತ್ತೆ.

ಬೆಳಗಾವಿ ಕುಂದಾ:
ದೂರದ ನೆಂಟರಿಗೂ ಊಟ ಹಾಕ್ತಾರಲ್ರೀ. ಒಂದು ಸಾಲು?

ಅರಳಿಮರ:
ಅರ್ಧ ಸಾಲು. ಆರ್ಥಿಕತೆಯ ವಿಭಾಗದಲ್ಲಿ, "ಭಾರತದಲ್ಲಿ 1962ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಪುಣೆಯಲ್ಲಿ ಕಾರ್ಖಾನೆ ಮಾಡಿತು" ಅಂತ. ಗುರ್ಲಹೊಸೂರು ಬೇಡ.

ಕೊಬ್ಬರಿಹೋಳು:
ಕಂಪನಿಯ ಪ್ಯಾರಾ ನಾನೇ ಬರೀತೀನಿ, ಬಹಳ ಕಥೆ ಗೊತ್ತು. 1919ರಲ್ಲಿ ಕಂಪನಿ ಶುರು ಮಾಡಿದ ಕ್ಲೆಸ್ಸಿ ಕಮ್ಮಿನ್ಸ್ ಮೊದಲು ಊರಿನ ಬ್ಯಾಂಕರ್ ಡಬ್ಲ್ಯು. ಜಿ. ಇರ್ವಿನ್ ಮನೆಯ ಕಾರ್ ಡ್ರೈವರ್, ಮೆಕ್ಯಾನಿಕ್. ದುಡ್ಡು ಹಾಕಿದ್ದೂ ಅದೇ ಇರ್ವಿನ್. 1931ರಲ್ಲಿ ಇವರ ಡೀಸೆಲ್ ಕಾರು ಇಂಡಿಯಾನಾಪೊಲಿಸ್ 500 ರೇಸ್‌ನಲ್ಲಿ ಒಂದು ಸಲವೂ ನಿಲ್ಲದೆ ಪೂರ್ತಿ ಓಡಿತು. 500 ಮೈಲಿ! ಗೆಲ್ಲಲಿಲ್ಲ, ಆದರೆ ನಿಲ್ಲಲೂ ಇಲ್ಲ. ಹೇಳೋಕೆ ಮರೆತೆ, ನಾನು ಕೆಲಸ ಮಾಡೋದು ಅಲ್ಲೇ.

ಅರಳಿಮರ:
ಅದನ್ನು ಮೊದಲೇ ಹೇಳಬೇಕಿತ್ತು ಮಾರಾಯ್ರೇ! ಕೆಲಸ ಮಾಡೋ ಕಂಪನಿಯ ಬಗ್ಗೆ ನೀವೇ ಬರೆಯೋದು ಹಿತಾಸಕ್ತಿಯ ತಾಕಲಾಟ. ನೀವು ಕೆಟ್ಟದಾಗಿ ಬರೀತೀರಿ ಅಂತಲ್ಲ, ಒಳ್ಳೆಯದಾಗಿಯೇ ಬರೀತೀರಿ ಅನ್ನೋದೇ ತೊಂದರೆ. ಚರ್ಚೆ ಪುಟದಲ್ಲಿ "ನಾನು ಈ ಕಂಪನಿಯ ನೌಕರ" ಅಂತ ಬರೆದುಬಿಡಿ. ಆ ಪ್ಯಾರಾವನ್ನು ನಕ್ಷೆಗಾರ್ತಿಯವರೋ ನಾನೋ ಬರೀತೀವಿ. ಊರಿನ ಮಿಕ್ಕ ಭಾಗ ನಿಮ್ಮದೇ.

ನಿಮ್ಮ ಡ್ರಾಫ್ಟಿನಲ್ಲಿ "ಜಗತ್ಪ್ರಸಿದ್ಧ", "ಶ್ರೇಷ್ಠ", "ಅಪ್ರತಿಮ" ಎಲ್ಲ ಸೇರಿ ಹನ್ನೊಂದು ಸಲ ಎಣಿಸಿದೆ. ತೆಗೆಯಿರಿ. ಹೊಗಳಬೇಕು ಅನ್ನಿಸಿದರೆ ಅಂಕಿ ಇಡಿ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1991ರಲ್ಲಿ ಕಟ್ಟಡಗಳ ಹೊಸತನದಲ್ಲಿ ಈ ಊರಿಗೆ ಆರನೇ ಸ್ಥಾನ ಕೊಟ್ಟಿತ್ತು. ಇಷ್ಟು ಚಿಕ್ಕ ಊರಿಗೆ ಆರನೇ ಸ್ಥಾನ ಅಂದಾಗ ಓದುವವರಿಗೇ ಅರ್ಥ ಆಗುತ್ತೆ.

ಕೊಬ್ಬರಿಹೋಳು:
ಸರಿ ಸರ್. ಸ್ವಲ್ಪ ಮುಖ ಸಣ್ಣದಾಯ್ತು, ಆದರೆ ಒಪ್ಪಿದೆ.

ಇನ್ನೊಂದು ಕೇಳ್ತೀನಿ. 2008ರ ಜೂನ್ 7ರಂದು ಇಲ್ಲಿ ದೊಡ್ಡ ಪ್ರವಾಹ ಬಂತು. ಹಾ ಕ್ರೀಕ್ ಅನ್ನೋ ಹಳ್ಳ ಉಕ್ಕಿ ಆಸ್ಪತ್ರೆಗೇ ನೀರು ನುಗ್ಗಿತು, ರೋಗಿಗಳನ್ನೆಲ್ಲ ಸಾಗಿಸಬೇಕಾಯಿತು. ಈ ಹಳ್ಳ ಈಗ ನೋಡಿದರೆ ನಂಬೋಕೇ ಆಗಲ್ಲ, ಬೇಸಿಗೆಯಲ್ಲಿ ನನ್ನ ಮಗಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾಳೆ. ನಮ್ಮ ಬಾಡಿಗೆ ಮನೆಯ ಮಾಲೀಕರು ಗ್ಯಾರೇಜಿನ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಹಾಕಿ ತಾರೀಕು ಬರೆದಿಟ್ಟಿದ್ದಾರೆ. ನನ್ನ ಸೊಂಟಕ್ಕೆ ಬರುತ್ತೆ. ಎರಡು ಸಲ ಗೋಡೆಗೆ ಬಣ್ಣ ಹೊಡೆಸಿದರೂ ಆ ಒಂದು ಗೇಣು ಜಾಗ ಬಿಟ್ಟು ಹೊಡೆಸಿದ್ದಾರೆ. ಅದರ ಫೋಟೋ ಹಾಕಬಹುದಾ?

ಅರಳಿಮರ:
ಓದಿ ಖುಷಿಯಾಯ್ತು. ಆದರೆ ಲೇಖನಕ್ಕೆ ಆಗಲ್ಲ. ನೀವೇ ಕಂಡದ್ದು, ಮಾಲೀಕರು ಹೇಳಿದ್ದು ಆಧಾರ ಅಲ್ಲ. ಪ್ರವಾಹದ ವಿಷಯ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ, ಅದರಿಂದ ಎರಡು ಸಾಲು ಬರೆಯಿರಿ. ಗೋಡೆಯ ಗೆರೆ ಇಲ್ಲೇ ಇರಲಿ, ನಾವು ಓದಿದೆವಲ್ಲ.

ಮಳೆಹುಳ:
ನಿಯಮ ಸರಿ, ಆದರೆ ಈ ಇಡೀ ಪುಟದಲ್ಲಿ ನನಗೆ ನೆನಪುಳಿಯೋದು ಆ ಗೆರೆ ಒಂದೇ.

ಕೊಬ್ಬರಿಹೋಳು:
ಫೋಟೋ ಅಂದಾಗ ನೆನಪಾಯ್ತು. ಊರಿನ ಗ್ರಂಥಾಲಯ ಪೇ ಅವರದ್ದು, 1969ರದು. ಅದರ ಮುಂದೆ ಹೆನ್ರಿ ಮೂರ್ ಮಾಡಿದ ದೊಡ್ಡ ಕಂಚಿನ ಕಮಾನು ಇದೆ, 20 ಅಡಿ ಎತ್ತರ, ಹೆಸರೇ ಲಾರ್ಜ್ ಆರ್ಚ್ ಅಂತ. ಸವೆದ ಮೂಳೆಯ ಹಾಗಿದೆ, ಹಸಿರು ಹಿಡಿದಿದೆ. ಮಕ್ಕಳು ಪುಸ್ತಕ ವಾಪಸ್ ಕೊಡೋಕೆ ಬಂದಾಗ ಸುತ್ತಿಕೊಂಡು ಹೋಗಲ್ಲ, ಅದರ ಕೆಳಗೇ ಓಡುತ್ತಾರೆ. ಒಳ್ಳೆ ಬಿಸಿಲಲ್ಲಿ ಫೋಟೋ ತೆಗೆದು ವಿಕಿಪೀಡಿಯದ ಚಿತ್ರಭಂಡಾರ ಕಾಮನ್ಸ್‌ಗೆ ಹಾಕಿದೆ. ಮೂರೇ ದಿನಕ್ಕೆ ಅಳಿಸುವ ಸೂಚನೆ ಬಂದಿದೆ! ನಾನೇ ತೆಗೆದ ಫೋಟೋ, ನನ್ನದೇ ಕ್ಯಾಮೆರಾ. ಯಾಕೆ?

ನಕ್ಷೆಗಾರ್ತಿ:
ಫೋಟೋ ನಿಮ್ಮದು, ಶಿಲ್ಪ ನಿಮ್ಮದಲ್ಲ. ಅಮೆರಿಕದ ಕಾನೂನಿನಲ್ಲಿ ರಸ್ತೆಯಿಂದ ಕಾಣುವ ಕಟ್ಟಡದ ಫೋಟೋ ಯಾರು ಬೇಕಾದರೂ ತೆಗೆದು ಹಂಚಬಹುದು. ಶಿಲ್ಪಕ್ಕೆ ಆ ರಿಯಾಯಿತಿ ಇಲ್ಲ, ಅದರ ಹಕ್ಕು ಕಲಾವಿದರ ಕಡೆಯವರದ್ದೇ. ಭಾರತದಲ್ಲಿ ಹಾಗಲ್ಲ. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಲ್ಲಿಸಿದ ಶಿಲ್ಪದ ಫೋಟೋಗೂ ನಮ್ಮ ಕಾಯ್ದೆಯಲ್ಲಿ ಅವಕಾಶ ಇದೆ. ಆ ಕಮಾನು ಕಬ್ಬನ್ ಪಾರ್ಕಿನಲ್ಲಿ ಇದ್ದಿದ್ದರೆ ನಿಮಗೆ ಈ ತಲೆನೋವು ಇರುತ್ತಿರಲಿಲ್ಲ.

ಗ್ರಂಥಾಲಯವೇ ಮುಖ್ಯವಾಗುವ ಹಾಗೆ ದೂರದಿಂದ ಇನ್ನೊಂದು ತೆಗೆಯಿರಿ. ಕಮಾನು ಮೂಲೆಯಲ್ಲಿ ಚಿಕ್ಕದಾಗಿ ಬಂದರೆ ನಡೆಯುತ್ತೆ. ಇಲ್ಲಾಂದ್ರೆ ಬ್ಯಾಂಕ್ ಕಟ್ಟಡ ತೆಗೆಯಿರಿ, ಏರೊ ಸಾರಿನೆನ್‌ರದು, 1954ರದು. ಲೇಖನಕ್ಕೆ ಅದೇ ಒಳ್ಳೆಯದು. ಅಲ್ಲಿಯವರೆಗೆ ಬ್ಯಾಂಕ್ ಅಂದರೆ ದಪ್ಪ ಗೋಡೆ, ದೊಡ್ಡ ಕಂಬ, ಕಬ್ಬಿಣದ ಸರಳು. ಇವರು ನಾಲ್ಕು ಕಡೆ ಗಾಜು ಹಾಕಿ, ಮೇಲೆ ಒಂಬತ್ತು ಬೋಗುಣಿ ಕವುಚಿಟ್ಟ ಹಾಗೆ ಚಾವಣಿ ಮಾಡಿ, ಒಳಗೆ ಏನು ನಡೀತಿದೆ ಅಂತ ಬೀದಿಯವರಿಗೆಲ್ಲ ಕಾಣೋ ಹಾಗೆ ಮಾಡಿಬಿಟ್ಟರು.

ಅರಳಿಮರ:
"ಒಂಬತ್ತು ಬೋಗುಣಿ ಕವುಚಿಟ್ಟ ಹಾಗೆ" ಲೇಖನದಲ್ಲೂ ಇರಲಿ. ವಿಶ್ವಕೋಶ ಅಂದರೆ ಉಪಮೆ ಇರಬಾರದು ಅಂತೇನಿಲ್ಲ.

ನಾರ್ತ್ ಕ್ರಿಶ್ಚಿಯನ್ ಚರ್ಚ್ ಭಾಗ ಹಳೆಯದಾಗಿದೆ. "ಇಲ್ಲಿ ಪ್ರತಿ ಭಾನುವಾರ ಪ್ರಾರ್ಥನೆ ನಡೆಯುತ್ತದೆ" ಅಂತ ಇದೆ.

ಕೊಬ್ಬರಿಹೋಳು:
ಹೌದು, ಈಗ ನಡೆಯಲ್ಲ. 2022ರಲ್ಲಿ ಆ ಸಭೆಯೇ ವಿಸರ್ಜನೆ ಆಯ್ತು. ಕಟ್ಟಡ ಕೌಂಟಿ ಗ್ರಂಥಾಲಯದ ಕೈಗೆ ಹೋಗಿದೆ. ಆರು ಮೂಲೆಯ ಕಟ್ಟಡ, ಮೇಲೆ 192 ಅಡಿಯ ಸೂಜಿಯಂಥ ಶಿಖರ. ಏರೊ ಸಾರಿನೆನ್ 1961ರಲ್ಲೇ ತೀರಿಹೋದರು, ಚರ್ಚ್ ಮುಗಿದದ್ದು 1964ರಲ್ಲಿ. ಹಾಗೇ ಇಲ್ಲಿನ ಪತ್ರಿಕೆ ದಿ ರಿಪಬ್ಲಿಕ್ ಕೂಡ ತನ್ನ ಹಳೇ ಗಾಜಿನ ಕಟ್ಟಡ ಬಿಟ್ಟಿದೆ, 2018ರಿಂದ ಅಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಓದುತ್ತಾರೆ.

ನಕ್ಷೆಗಾರ್ತಿ:
ಇದನ್ನೆಲ್ಲ ಹಾಕಿ. ಕಟ್ಟಿದವರ ಹೆಸರು ಎಲ್ಲರೂ ಬರೀತಾರೆ. ಆ ಕಟ್ಟಡಗಳು ಈಗ ಏನಾಗಿವೆ ಅನ್ನೋದನ್ನು ಬರೆಯೋರು ಕಮ್ಮಿ.

ಮಳೆಹುಳ:
"ಪ್ರಸಿದ್ಧ ವ್ಯಕ್ತಿಗಳು" ವಿಭಾಗದಲ್ಲಿ ಇಪ್ಪತ್ತಾರು ಹೆಸರಿದೆ. ನನಗೆ ಗೊತ್ತಿರೋದು ಮೈಕ್ ಪೆನ್ಸ್ ಒಬ್ಬರೇ, 2017ರಿಂದ 2021ರವರೆಗೆ ಉಪಾಧ್ಯಕ್ಷರಾಗಿದ್ದವರು. ಮಿಕ್ಕವರು ಯಾರು ಸ್ವಾಮಿ?

ಕೊಬ್ಬರಿಹೋಳು:
ಪೆನ್ಸ್ ಹುಟ್ಟಿದ್ದು ಇಲ್ಲೇ, 1959ರಲ್ಲಿ. ಕಾರ್ ರೇಸ್‌ನ ಟೋನಿ ಸ್ಟೀವರ್ಟ್ ಕೂಡ ಇಲ್ಲಿ ಹುಟ್ಟಿದವರು, 1971. ಇನ್ನೊಬ್ಬರು ನಿಮಗೆ ಗೊತ್ತು, ಗೊತ್ತು ಅಂತ ಗೊತ್ತಿಲ್ಲ ಅಷ್ಟೆ. ಕ್ಯಾನ್ವಾಸ್ ಶೂ ಪಕ್ಕದಲ್ಲಿ ದುಂಡಗೆ ನಕ್ಷತ್ರದ ಮುದ್ರೆ, ಅದರ ಮೇಲೊಂದು ಸಹಿ ಇರುತ್ತಲ್ಲ, ಆ ಚಕ್ ಟೇಲರ್ ಓದಿದ್ದು ಕೊಲಂಬಸ್ ಹೈಸ್ಕೂಲಿನಲ್ಲಿ.

ಮಳೆಹುಳ:
ಆ ಶೂ ನನ್ನ ಮಗಳ ಹತ್ತಿರ ಎರಡು ಜೊತೆ ಇದೆ. ಸರಿ, ಮೂವರನ್ನು ಉಳಿಸಿ. ಕನ್ನಡದಲ್ಲಿ ಲೇಖನವೇ ಇಲ್ಲದ ಮಿಕ್ಕ ಇಪ್ಪತ್ಮೂರು ಕೆಂಪು ಕೊಂಡಿ ಇಟ್ಟುಕೊಂಡು ಏನು ಮಾಡ್ತೀರಿ.

ಬೆಳಗಾವಿ ಕುಂದಾ:
ಅಲ್ಲಿ ಕನ್ನಡದವರು ಎಷ್ಟು ಮಂದಿ ಇದ್ದೀರಿ, ಅದನ್ನಾದರೂ ಹಾಕ್ರೀ.

ಕೊಬ್ಬರಿಹೋಳು:
ರಾಜ್ಯೋತ್ಸವಕ್ಕೆ ಗ್ಯಾರೇಜಿನಲ್ಲಿ ಸೇರ್ತೀವಿ, ಬಿಸಿಬೇಳೆ ಬಾತ್ ಎರಡು ದೊಡ್ಡ ಪಾತ್ರೆ ಖಾಲಿಯಾಗುತ್ತೆ. ಎಣಿಸಿದ ದಾಖಲೆ ಅಷ್ಟೇ ಇರೋದು. ಅರಳಿಮರ ಸರ್ ಒಪ್ಪಲ್ಲ ಅಂತ ಗೊತ್ತು, ಹಾಕ್ತಾ ಇಲ್ಲ.

ಈಗ ಪೀಠಿಕೆ ಹೊಸದಾಗಿ ಬರೆದೆ:

"ಕೊಲಂಬಸ್, ಅಮೆರಿಕದ ಮಹಾಸರೋವರಗಳ ದಕ್ಷಿಣಕ್ಕಿರುವ ಇಂಡಿಯಾನಾ ರಾಜ್ಯದ ಒಂದು ಸಣ್ಣ ನಗರ, ಬಾರ್ಥಲೋಮ್ಯೂ ಕೌಂಟಿಯ ಆಡಳಿತ ಕೇಂದ್ರ. 2020ರ ಜನಗಣತಿಯಂತೆ ಇಲ್ಲಿ 50,474 ಜನರಿದ್ದಾರೆ. ಕಮ್ಮಿನ್ಸ್ ಎಂಜಿನ್ ಕಂಪನಿಯ ಮುಖ್ಯ ಕಚೇರಿ ಇಲ್ಲಿದೆ. ಊರಿನ ಶಾಲೆ, ಅಗ್ನಿಶಾಮಕ ಠಾಣೆಯಂಥ ಸಾರ್ವಜನಿಕ ಕಟ್ಟಡಗಳಿಗೆ ಆರ್ಕಿಟೆಕ್ಟ್‌ಗಳ ಶುಲ್ಕವನ್ನು ಕಂಪನಿಯ ಫೌಂಡೇಶನ್ 1950ರ ದಶಕದಿಂದ ಕೊಡುತ್ತಾ ಬಂತು. ಇದರಿಂದ, ಮತ್ತು ಇದಕ್ಕೂ ಮೊದಲೇ ಇಲ್ಲಿ ಕಟ್ಟಿದ ಚರ್ಚು, ಬ್ಯಾಂಕುಗಳಿಂದ, ಈ ಊರು ಆಧುನಿಕ ವಾಸ್ತುಶಿಲ್ಪಕ್ಕೆ ಹೆಸರಾಗಿದೆ."

ನಕ್ಷೆಗಾರ್ತಿ:
ಚೆನ್ನಾಗಿದೆ. ಕಂಪನಿಯ ಪ್ಯಾರಾ ನಾನು ಕೆಳಗೆ ಸೇರಿಸಿದ್ದೇನೆ, ರೇಸ್ ಕಾರನ್ನು ಬಿಟ್ಟಿಲ್ಲ. ಕುಂದಾ ಅವರ ಅರ್ಧ ಸಾಲೂ ಇದೆ.

ಬೆಳಗಾವಿ ಕುಂದಾ:
ನೋಡಿದೆ. ಅರ್ಧ ಸಾಲು ಅಂದಿದ್ರಿ, ಮುಕ್ಕಾಲು ಐತಿ. ಧನ್ಯವಾದ್ರೀ.

ಅರಳಿಮರ:
ಪ್ರಯೋಗಪುಟದಿಂದ ಲೇಖನಕ್ಕೆ ಸ್ಥಳಾಂತರಿಸಿ. ಶೀರ್ಷಿಕೆ "ಕೊಲಂಬಸ್, ಇಂಡಿಯಾನಾ". ಬರೀ "ಕೊಲಂಬಸ್" ಅಂತ ಇಡಬೇಡಿ, ನಾವಿಕ ಕೊಲಂಬಸ್ ಇದ್ದಾನೆ, ಓಹಾಯೋ ಇದೆ, ಜಾರ್ಜಿಯಾ ಇದೆ.

ಕೊಬ್ಬರಿಹೋಳು:
ಆಯ್ತು ಸರ್, ಈಗಷ್ಟೇ ಸ್ಥಳಾಂತರಿಸಿದೆ. ಇಲ್ಲಿ ರಾತ್ರಿ ಹನ್ನೊಂದೂವರೆ. ಬ್ಯಾಂಕಿನ ಫೋಟೋ ಶನಿವಾರ ತೆಗೀತೀನಿ, ಮಳೆ ಬರದಿದ್ದರೆ.

ಮಳೆಹುಳ:
ಅಲ್ಪವಿರಾಮ ಆದ ಮೇಲೆ ಜಾಗ ಬಿಟ್ಟಿಲ್ಲ. "ಕೊಲಂಬಸ್,ಇಂಡಿಯಾನಾ" ಅಂತಾಗಿದೆ. ಇನ್ನೊಂದು ಸಲ ಸ್ಥಳಾಂತರಿಸಿ.